ತುಂಬಿದ ಬಟ್ಟಲಿಗೊಂದು ಮೋಟಾರು

ಕೊಟ್ಟೂರು
11 ಜುಲೈ 2024

ಲೇ ಕ್ರಾಂತಿ,

ನಿನಗೂ ರೇಖಾಗೂ ನನ್ನ ದುವಾ. ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ.

ನಲವತ್ತು ವರ್ಷ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡಿ ನನ್ನ ಕಿವಿ ಸತ್ತಿರುವುದು ನಿನಗೆ ಗೊತ್ತು. ಫೋನಿನಲ್ಲಿ ನೀನು ಕೂಗಿದರೆ ಹರಪನಹಳ್ಳಿಗೆಲ್ಲ ಕೇಳುತ್ತದೆ, ನನಗೆ ಕೇಳುವುದಿಲ್ಲ. ಅದರಲ್ಲಿ ಬರೆಯೋಣವೆಂದರೆ ಫೋನು ಇಡೀ ದಿನ ನಿನ್ನ ಚಾಚಿಯ ಕೈಯಲ್ಲಿರುತ್ತದೆ. ಈ ವಿಷಯ ಅವಳಿಗೆ ತಿಳಿಯಬಾರದು. ಅದಕ್ಕೇ ಕಂಡಕ್ಟರ್ ಕರಿಸಿದ್ದಪ್ಪನ ಕೈಯಲ್ಲಿ ಕಾಗದ ಕೊಟ್ಟು ಕಳಿಸುತ್ತಿದ್ದೇನೆ. ನೀನೂ ಅವನ ಬಸ್ಸಿಗೇ ಕೊಡು. ಅಂಗಡಿಗೆ ಮುಟ್ಟಿಸು ಎಂದು ಹೇಳು, ಮನೆಗಲ್ಲ.

ನೀನು ಕಾಲೇಜು ರಜೆಯಲ್ಲಿ ನನ್ನ ಹತ್ತಿರ ಕೆಲಸ ಕಲಿಯುವಾಗ ಒಂದು ರಿಮೋಟ್ ಕಾರು ಇಟ್ಟುಕೊಂಡಿದ್ದೆಯಲ್ಲ, ಅದು ಅಂಗಡಿಯ ಅಟ್ಟದ ಮೇಲೆ ಹಾಗೇ ಇತ್ತು. ಇಳಿಸಿ ಒರೆಸಿದ್ದೇನೆ. ಚಾಸಿ ಗಟ್ಟಿಯಾಗಿದೆ, ರಿಮೋಟೂ ಕೆಲಸ ಮಾಡುತ್ತದೆ. ಮೋಟಾರಿನ ಕಾರ್ಬನ್ ಬ್ರಷ್ ಮಾತ್ರ ಪೂರ್ತಿ ಸವೆದಿದೆ. ಈಗ ಬ್ರಷ್ ಇಲ್ಲದ ಮೋಟಾರುಗಳು ಬಂದಿವೆಯಂತೆ, ಮೂರು ತಂತಿಯವು. ಮೂರು ತಂತಿ ಎಂದ ಮೇಲೆ ನಮ್ಮ ಪಂಪ್ ಮೋಟಾರಿನ ಮರಿಯೇ ಅಲ್ಲವೇ! ಆದರೆ ಅದಕ್ಕೆ ಸ್ಪೀಡ್ ಕಂಟ್ರೋಲರ್ ಅಂತ ಬೇರೆ ಬೇಕಂತೆ. ಯಾವ ಮೋಟಾರು, ಯಾವ ಕಂಟ್ರೋಲರ್ ತೆಗೆದುಕೊಳ್ಳಲಿ? ನೀನು ಈಗ ಐಟಿಐ ಮೇಷ್ಟ್ರು. ಶಿಷ್ಯನನ್ನು ಕೇಳುವುದಕ್ಕೆ ನನಗೆ ನಾಚಿಕೆಯಿಲ್ಲ. ಸ್ವಲ್ಪ ಇದೆ, ಇರಲಿ.

ಬೇಗ ಬರೆ.

ಯೂಸುಫ್


ಹರಪನಹಳ್ಳಿ
15 ಜುಲೈ 2024

ಉಸ್ತಾದರಿಗೆ ಕ್ರಾಂತಿಯ ನಮಸ್ಕಾರಗಳು.

ನಿಮ್ಮ ಕಾಗದ ಓದಿ ನಾನೂ ರೇಖಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅರವತ್ತಮೂರರ ವಯಸ್ಸಿನಲ್ಲಿ ರಿಮೋಟ್ ಕಾರು, ಅದೂ ಚಾಚಿಗೆ ಕದ್ದು! ನನಗೆ ಎಲ್ಲಾ ಅರ್ಥವಾಯಿತು. ಇಲ್ಲಿ ನಾವು ಏಳೆಂಟು ಜನ ಸೇರಿ ಸೆಪ್ಟೆಂಬರಿನ ಕೊನೆಯ ಭಾನುವಾರ ಊರ ಹೊರಗಿನ ಮೈದಾನದಲ್ಲಿ ರೇಸ್ ಇಟ್ಟುಕೊಂಡಿದ್ದೇವೆ ಎಂದು ಕರಿಸಿದ್ದಪ್ಪ ನಿಮ್ಮ ಕಿವಿಯಲ್ಲಿ ಊದಿರಬೇಕು. ಶಿಷ್ಯನನ್ನು ಸೋಲಿಸುವ ಆಸೆ. ಆಗಲಿ ಉಸ್ತಾದರೇ, ಬನ್ನಿ.

ಮೋಟಾರಿನ ಡಬ್ಬಿಯ ಮೇಲೆ ಕೆ.ವಿ. ಎಂದು ಬರೆದಿರುತ್ತದೆ. ಅದನ್ನು ನೋಡಿ ಹನ್ನೊಂದು ಕೆ.ವಿ. ಲೈನು ಎಂದು ದೂರ ಸರಿಯಬೇಡಿ. ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ ಅದು. 3300 ಎಂದಿದ್ದರೆ ನಮ್ಮ ಏಳೂಕಾಲು ಏಳೂವರೆ ವೋಲ್ಟಿನ ಬ್ಯಾಟರಿಗೆ ಇಪ್ಪತ್ತನಾಲ್ಕು ಸಾವಿರ ಸುತ್ತು. ನಿಮ್ಮ ಪಂಪ್ ಮೋಟಾರು 2880ಕ್ಕೇ ಏದುಸಿರು ಬಿಡುತ್ತದೆ! ಕಂಟ್ರೋಲರ್ ಎಷ್ಟು ಆಂಪಿಯರಿನದು ಎಂಬುದಕ್ಕೆ, ಸ್ಟಾರ್ಟರ್ ಕೊಳ್ಳಲು ಬಂದ ರೈತರಿಗೆ ನೀವು ಹೇಳುವ ಮಾತೇ ಸಾಕು: "ಒಂದು ಕೈ ಹೆಚ್ಚ ಇರ್ಲಿ."

ಕೊಳ್ಳುವುದು ಬೇಡ. ನನ್ನ ಹತ್ತಿರ 3300ರ ಒಂದು ಮೋಟಾರು, ಅರವತ್ತು ಆಂಪಿಯರಿನ ಕಂಟ್ರೋಲರ್, ಬ್ಯಾಟರಿ ಎಲ್ಲ ಇದ್ದವು. ಇದರ ಜೊತೆ ಕಳಿಸಿದ್ದೇನೆ. ಸ್ಟೀಲ್ ಡಬ್ಬಿಯಲ್ಲಿ ರೇಖಾ ಶೇಂಗಾ ಚಟ್ನಿಪುಡಿ ಹಾಕಿದ್ದಾಳೆ, ಅದು ಚಾಚಿಗೆ. ನೀವು ಅಂಗಡಿಯಲ್ಲೇ ಮುಗಿಸಬೇಡಿ.

ನಿನ್ನೆ ಚಾಚಿಗೆ ಫೋನ್ ಮಾಡಿದ್ದೆ. "ನಿಮ್ಮ ಉಸ್ತಾದ್ರ ಕಿವಿ ಒಂದು ಬಿಟ್ರ ಎಲ್ಲಾ ಚೊಲೋ ಐತಪ, ನಿನ್ನ ನೌಕರಿ ನೀ ನೋಡ್ಕೊ" ಅಂದರು. ನಿಮ್ಮ ಗುಟ್ಟು ಬಿಟ್ಟುಕೊಡಲಿಲ್ಲ, ಹೆದರಬೇಡಿ.

ಕ್ರಾಂತಿಕುಮಾರ್


ಕೊಟ್ಟೂರು
22 ಜುಲೈ 2024

ಕ್ರಾಂತಿ,

ನೀನು ಕಳಿಸಿದ್ದು ಮೋಟಾರಲ್ಲ, ಸೈತಾನ. ಟ್ರಿಗರಿನ ಮೇಲೆ ಬೆರಳಿಟ್ಟೆ, ಒತ್ತಲೂ ಇಲ್ಲ. ಅಂಗಡಿಯ ಹೊಸ್ತಿಲು ಹಾರಿ, ರಸ್ತೆ ದಾಟಿ, ಎದುರಿಗೆ ತರಕಾರಿ ಮಾರುವ ಶಿವಲೀಲಾಳ ಬುಟ್ಟಿಯಲ್ಲಿ ಹೋಗಿ ಕೂತಿತು. ಅವಳು ಕಾರು ಎತ್ತಿ ತಂದು, "ಸಾಬ್ರ, ನಿಮ್ಮ ಗಾಡಿಗೆ ಬದನಿಕಾಯಿ ಬೇಕಿದ್ರ ಬಾಯಿಬಿಟ್ಟು ಕೇಳಂತ ಹೇಳ್ರಿ" ಅಂದಳು. ಓಣಿಗೆಲ್ಲ ನಗು.

ನಿಧಾನಕ್ಕೆ ಬಿಡೋಣವೆಂದರೆ ಅದೂ ಆಗದು. ಶುರುವಿನಲ್ಲಿ ಬಿಕ್ಕಳಿಕೆ ಬಂದವರ ಹಾಗೆ ತಡವರಿಸುತ್ತದೆ, ಆಮೇಲೆ ಒಮ್ಮೆಗೇ ಜಿಗಿಯುತ್ತದೆ. ಮೇಲೆ ಒಂದು ಲೋಟ ನೀರಿಟ್ಟು ನೋಡಿದೆ. ಲೋಟದಲ್ಲಿ ಒಂದು ಹನಿ ಉಳಿಯಲಿಲ್ಲ.

ನನಗೆ ರೇಸು ಗೀಸು ಏನೂ ಬೇಡ. ಇಷ್ಟು ಬೇಕು, ಸರಿಯಾಗಿ ಓದು. ತುಂಬಿದ ಬಟ್ಟಲು ಮೇಲಿಟ್ಟರೆ ತುಳುಕಬಾರದು. ನಿನ್ನ ಚಾಚಿ ರೇಷ್ಮೆ ಬಟ್ಟೆ ಹೊಲಿಯುವಾಗ ಮಷೀನು ಶುರು ಮಾಡುತ್ತಿದ್ದಳಲ್ಲ, ಸೂಜಿ ಇಳಿದದ್ದೇ ತಿಳಿಯದ ಹಾಗೆ, ಹಾಗೆ ಶುರುವಾಗಬೇಕು. ಮನುಷ್ಯ ನಡೆದಷ್ಟೇ ವೇಗ ಸಾಕು. ಕಲ್ಲು ಮಣ್ಣಿನ ಓಣಿಯಲ್ಲಿ ಹತ್ತು ಹನ್ನೆರಡು ಹೆಜ್ಜೆ ದೂರ ಹೋಗಿ, ತಿರುಗಿ ಬರಬೇಕು. ಅಂಥದ್ದು ಇದೆಯೋ ಇಲ್ಲವೋ?

ಸ್ವಲ್ಪ ಬೇಗ.

ಯೂಸುಫ್


ಹರಪನಹಳ್ಳಿ
27 ಜುಲೈ 2024

ಉಸ್ತಾದರೇ,

ನಿಮ್ಮ ಚಾಲಾಕಿತನ ಈಗ ತಿಳಿಯಿತು. ನಮ್ಮ ರೇಸಿನಲ್ಲಿ ಕಲ್ಲುಬಂಡೆಗಳ ಮೇಲೆ ನಿಧಾನವಾಗಿ ಹತ್ತಿಸುವ ಪಂದ್ಯವೂ ಇದೆ, ನೀವು ಅದರ ಮೇಲೆ ಕಣ್ಣಿಟ್ಟಿದ್ದೀರಿ. ನೀರಿನ ಲೋಟ ಇಟ್ಟು ಅಭ್ಯಾಸ ಮಾಡುತ್ತಿದ್ದೀರಿ ಎಂದರೆ ನಾವೆಲ್ಲ ಈಗಲೇ ಸೋತ ಹಾಗೆ.

ನಿಮಗೆ ಬೇಕಾದದ್ದು ಸೆನ್ಸರ್ ಇರುವ ಮೋಟಾರು. ಸೆನ್ಸರ್ ಇಲ್ಲದಿದ್ದರೆ ರೋಟರ್ ಎಲ್ಲಿ ನಿಂತಿದೆ ಎಂದು ಕಂಟ್ರೋಲರಿಗೆ ಗೊತ್ತಿರುವುದಿಲ್ಲ. ಕಣ್ಣು ಕಟ್ಟಿದವರ ಹಾಗೆ ತಡಕಾಡುತ್ತದೆ, ನೀವು ಕಂಡ ಬಿಕ್ಕಳಿಕೆ ಅದೇ. ಸೆನ್ಸರ್ ಇದ್ದರೆ ಮೊದಲ ಕಾಲು ಸುತ್ತಿನಿಂದಲೇ ನಯವಾಗಿ ಏಳುತ್ತದೆ. ಜೊತೆಗೆ ಇದು ಇಪ್ಪತ್ತೊಂದೂವರೆ ಸುತ್ತಿನ ವೈಂಡಿಂಗು. ಸುತ್ತು ಹೆಚ್ಚಾದರೆ ವೇಗ ಕಡಿಮೆ ಎಂದು ನಿಮಗೆ ಹೇಳಿಕೊಡುವ ಪಾಪಕ್ಕೆ ನಾನು ಹೋಗುವುದಿಲ್ಲ. ಹಲ್ಲು ಕಡಿಮೆ ಇರುವ ಸಣ್ಣ ಪಿನಿಯನ್ ಹಾಕಿದ್ದೇನೆ, ಎಳೆಯುವ ಶಕ್ತಿ ಹೆಚ್ಚುತ್ತದೆ.

ಈ ಮೋಟಾರು ಮತ್ತು ಇದಕ್ಕೆ ಸರಿಹೊಂದುವ ಕಂಟ್ರೋಲರ್ ನನ್ನ ಹತ್ತಿರ ಸುಮ್ಮನೆ ಬಿದ್ದಿದ್ದವು. ಕಳಿಸಿದ್ದೇನೆ. ಜೋಡಿಸುವ ಕ್ರಮವನ್ನು ಎರಡನೇ ಹಾಳೆಯಲ್ಲಿ ಬರೆದಿದ್ದೇನೆ. ದಯವಿಟ್ಟು ಅದನ್ನು ಓದಿಯೇ ಕೈ ಹಚ್ಚಿ.

ಚಾಚಿ ಮೊನ್ನೆ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ಒಲಿ ಮುಂದ ಅದೀನಪ" ಅಂತ ಬೇಗ ಇಟ್ಟುಬಿಟ್ಟರು. ನಿಮ್ಮ ಮೇಲೆ ಅನುಮಾನ ಬಂದಿರಬೇಕು. ಹುಷಾರು.

ಕ್ರಾಂತಿಕುಮಾರ್


ಕೊಟ್ಟೂರು
5 ಆಗಸ್ಟ್ 2024

ಕ್ರಾಂತಿ,

ಕಂಟ್ರೋಲರ್ ಹೋಯಿತು. ಹೊಗೆ ಬಂತು, ವಾಸನೆ ಬಂತು, ಮುಗಿಯಿತು. ಈಗಿನ ಸಾಮಾನುಗಳೇ ಹೀಗೆ, ಜೀವವಿಲ್ಲ. ಮೋಟಾರು ಚೆನ್ನಾಗಿದೆ.

ಇನ್ನೊಂದು ಎಲ್ಲಿ ಸಿಗುತ್ತದೆ ಹೇಳು, ನಾನೇ ತರಿಸಿಕೊಳ್ಳುತ್ತೇನೆ. ನನಗೆ ಹೆಚ್ಚು ದಿನಗಳಿಲ್ಲ.

ಯೂಸುಫ್


ಹರಪನಹಳ್ಳಿ
8 ಆಗಸ್ಟ್ 2024

ಉಸ್ತಾದರೇ,

ತಪ್ಪು ನನ್ನದೇ. ಕಳಿಸುವ ಮೊದಲು ನಾನು ಅದನ್ನು ಒಂದು ಸಲ ಓಡಿಸಿ ನೋಡಬೇಕಿತ್ತು. ಇನ್ನೊಂದು ಕಂಟ್ರೋಲರ್ ಇಟ್ಟಿದ್ದೇನೆ, ಇದು ಖಂಡಿತ ಒಳ್ಳೆಯದು.

ಆದರೆ ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ನಿಮ್ಮ ಕಾಗದದ ಕೊನೆಯ ಸಾಲು ಓದಿ ನನಗೆ ನಿದ್ದೆ ಬರಲಿಲ್ಲ. "ಹೆಚ್ಚು ದಿನಗಳಿಲ್ಲ" ಎಂದರೆ ಏನು? ರೇಸಿಗೆ ಇನ್ನೂ ಏಳು ವಾರ ಇದೆ.

ಬೆಳಿಗ್ಗೆ ರೇಖಾಳಿಗೆ ಓದಿ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, "ರೀ, ನಮ್ಮ ಡಬ್ಬಿ ಇನ್ನೂ ಬಂದಿಲ್ಲ" ಅಂದಳು. ನಾನು ಡಬ್ಬಿ ಎಲ್ಲಿಗೆ ಹೋಗುತ್ತದೆ ಬಿಡು ಅಂದೆ. "ಡಬ್ಬಿ ಹೋಗ್ಲಿ ಬಿಡ್ರಿ. ಚಾಚಿ ಯಾರದಾದ್ರೂ ಡಬ್ಬಿ ಮೂರು ವಾರ ಇಟ್ಕೊಂಡಿದ್ದು ಯಾವಾಗರ ನೋಡೀರೇನು?" ಅಂದಳು. ಹೌದು ಉಸ್ತಾದರೇ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ನೋಡಿದ್ದೇನೆ. ನಮ್ಮ ಅವ್ವ ನಿಮ್ಮ ಮನೆಗೆ ಏನೇ ಕಳಿಸಲಿ, ಮರುದಿನ ಸಂಜೆಯೊಳಗೆ ಆ ಪಾತ್ರೆ ತುಂಬಿ ವಾಪಸ್ ಬರುತ್ತಿತ್ತು. ಖಾಲಿ ಕಳಿಸಿದರೆ ಮನೆಯ ಬರಕತ್ ಹೋಗುತ್ತದೆ ಎನ್ನುತ್ತಿದ್ದವರು ಅವರು.

ಒಲೆಯ ಮುಂದೆ ಇದ್ದೇನೆ ಎಂದರಲ್ಲ, ಅವತ್ತು ಒಂದು ಪಾತ್ರೆಯ ಸಪ್ಪಳವೂ ಕೇಳಲಿಲ್ಲ. ಫ್ಯಾನಿನ ಸಪ್ಪಳ ಮಾತ್ರ ಕೇಳಿತು. ನಾನು ಎಂಥ ದಡ್ಡ, ಅಷ್ಟೂ ತಿಳಿಯಲಿಲ್ಲ.

ಮನೆಯಲ್ಲಿ ಏನಾಗಿದೆ? ಇದ್ದದ್ದು ಇದ್ದಹಾಗೆ ಬರೆಯಿರಿ. ಸೋಮವಾರದೊಳಗೆ ಕಾಗದ ಬರದಿದ್ದರೆ ನಾನೇ ಬಸ್ಸು ಹತ್ತುತ್ತೇನೆ.

ಕ್ರಾಂತಿ


ಕೊಟ್ಟೂರು
10 ಆಗಸ್ಟ್ 2024

ಮಗಾ ಕ್ರಾಂತಿ,

ರೇಖಾಳ ಮುಂದೆ ನಾವಿಬ್ಬರೂ ದಡ್ಡರು.

ಕಾರಹುಣ್ಣಿಮೆಯ ದಿನ ಎದುರುಮನೆಯ ಮೈಲಮ್ಮ ತನ್ನ ಕಂಚಿನ ಬಟ್ಟಲಲ್ಲಿ ಗೋಧಿಹುಗ್ಗಿ ಕಳಿಸಿದ್ದಳು. ಮರುದಿನ ಬೆಳಿಗ್ಗೆ ಆ ಬಟ್ಟಲು ತೊಳೆಯಲು ನಲ್ಲಿಯ ಹತ್ತಿರ ಹೋದ ನಿನ್ನ ಚಾಚಿ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದಳು. ಸೊಂಟದ ಕೀಲು ಮುರಿಯಿತು. ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಹಡಗಲಿಯಿಂದ ಮಗಳು ಖುಷ್ನುಮಾ ಬಂದು ಎಲ್ಲಾ ನೋಡಿಕೊಳ್ಳುತ್ತಿದ್ದಾಳೆ. ನಿನಗೆ ಹೇಳಬಾರದೆಂದು ಚಾಚಿಯೇ ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡು ಆಣೆ ಹಾಕಿಸಿದಳು. "ಅವನ ನೌಕರಿ ಕಾಯಂ ಆಗೋ ಹೊತ್ತು. ಕೇಳಿದ್ರ ರಜಾ ಹಾಕಿ ಓಡಿ ಬರ್ತಾನ, ಬರೋದು ಬ್ಯಾಡ" ಅಂದಳು.

ಡಾಕ್ಟರು ಮೂಳೆ ಗಟ್ಟಿಯಾಗಿ ಕೂಡಿಸಿದ್ದೇವೆ, ಇನ್ನು ದಿನಾ ಎದ್ದು ಕೂಡಬೇಕು, ವಾಕರ್ ಹಿಡಿದು ನಿಲ್ಲಬೇಕು ಎಂದರು. ಎರಡು ತಿಂಗಳೊಳಗೆ ಏಳದಿದ್ದರೆ ಆಮೇಲೆ ಏಳುವುದೇ ಕಷ್ಟ ಎಂದೂ ಹೇಳಿದರು. ನಿನ್ನ ಚಾಚಿ ಏಳಲಿಲ್ಲ, ಕ್ರಾಂತಿ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಊಟ ತುತ್ತು ಲೆಕ್ಕ. ಮೈಲಮ್ಮ ತನ್ನ ಮೊಣಕಾಲು ನೋವಿನಲ್ಲೂ ಎರಡು ಸಲ ನೋಡಲು ಬಂದರೆ ಇವಳು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದಳು. ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದೆ. ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು: "ಅಕಿ ಬಟ್ಟಲ ನನ್ನ ಮನಿಯಾಗ ಖಾಲಿ ಕುಂತೈತಿ. ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

ನಾನು ತುಂಬಿ ಕೊಟ್ಟು ಬರುತ್ತೇನೆ ಎಂದೆ. ಖುಷ್ನುಮಾನೂ ಹೇಳಿದಳು. "ನಲವತ್ತು ವರ್ಷ ನನ್ನ ಕೈಲಿಂದ ಹೋಗೈತಿ, ನನ್ನ ಕೈಲಿಂದನ ಹೋಗ್ಬೇಕು" ಅಂದಳು. ಅವತ್ತು ಅಂಗಡಿಯಲ್ಲಿ ಕೂತು ಅಟ್ಟದ ಕಡೆ ನೋಡುತ್ತಿದ್ದೆ, ನಿನ್ನ ಕಾರು ಕಂಡಿತು. ಅವಳ ಮಂಚ ಕಿಟಕಿಯ ಪಕ್ಕದಲ್ಲೇ ಇದೆ. ಕಿಟಕಿಯಿಂದ ಓಣಿ ಕಾಣುತ್ತದೆ, ಓಣಿಯ ಆಚೆ ಮೈಲಮ್ಮನ ಬಾಗಿಲು. ಎದ್ದು ಕೂತರೆ ಮಾತ್ರ ಕಾಣುತ್ತದೆ. ರಿಮೋಟು ಅವಳ ಕೈಯಲ್ಲಿದ್ದರೆ ಬಟ್ಟಲು ಅವಳ ಕೈಯಿಂದಲೇ ಹೋದ ಹಾಗೆ, ಅಲ್ಲವೇ? ಇದು ಹುಚ್ಚು ಎಂದು ನಿನಗೆ ಅನ್ನಿಸಬಹುದು. ನನಗೆ ಬೇರೇನೂ ತೋಚಲಿಲ್ಲ. ನನಗೆ ಮೋಟಾರು ಬಿಟ್ಟು ಏನು ಗೊತ್ತು?

ಇನ್ನೊಂದು ತಪ್ಪೊಪ್ಪಿಗೆ ಉಳಿದಿದೆ. ಕಂಟ್ರೋಲರ್ ತಾನಾಗಿ ಸುಡಲಿಲ್ಲ, ನಾನೇ ಸುಟ್ಟೆ. ಮೋಟಾರು ಹಿಂದಕ್ಕೆ ತಿರುಗಿತು. ಪಂಪು ಉಲ್ಟಾ ತಿರುಗಿದರೆ ನಾವು ಏನು ಮಾಡುತ್ತೇವೆ? ಮೂರರಲ್ಲಿ ಎರಡು ತಂತಿ ಅದಲು ಬದಲು ಮಾಡುತ್ತೇವೆ. ಸಾವಿರ ಸಲ ಮಾಡಿದ ಕೈ, ಅದು ತಾನೇ ಮಾಡಿಬಿಟ್ಟಿತು. ಆಮೇಲೆ ನಿನ್ನ ಎರಡನೇ ಹಾಳೆ ಓದಿದೆ. "ಸೆನ್ಸರ್ ಮೋಟಾರಿನಲ್ಲಿ ತಂತಿ ಬದಲಿಸಿದರೆ ಕಂಟ್ರೋಲರ್ ಸುಡುತ್ತದೆ, ದಿಕ್ಕನ್ನು ಸೆಟ್ಟಿಂಗಿನಲ್ಲೇ ಬದಲಿಸಬೇಕು" ಎಂದು ಕೆಳಗೆ ಗೆರೆ ಎಳೆದು ಬರೆದಿದ್ದೀಯ. ಮೋಟಾರಿನ ವಿಷಯದಲ್ಲಿ ಯೂಸುಫ್ ಕಾಗದ ಓದಬೇಕೇ ಎಂಬ ಸೊಕ್ಕು. ತಪ್ಪನ್ನು ನಿನ್ನ ಸಾಮಾನಿನ ತಲೆಗೆ ಕಟ್ಟಿ ಸುಮ್ಮನಾದೆ, ನೀನು ಕ್ಷಮೆ ಕೇಳಿದೆ. ನಾಚಿಕೆಯಾಯಿತು.

ಈಗ ನೀನು ಬರಬೇಡ. ನೀನು ಬಂದರೆ ಅವಳು ಅಳುತ್ತಾಳೆ, ಮತ್ತೆ ಮಲಗುತ್ತಾಳೆ. ಹದಿನೈದು ದಿನ ಕೊಡು.

ಯೂಸುಫ್


ಹರಪನಹಳ್ಳಿ
12 ಆಗಸ್ಟ್ 2024

ಉಸ್ತಾದರೇ,

ನಿಮ್ಮ ಮೇಲೂ ಚಾಚಿಯ ಮೇಲೂ ನನಗೆ ಬಹಳ ಸಿಟ್ಟು ಬಂದಿದೆ. ನೌಕರಿ ಇವತ್ತಲ್ಲದಿದ್ದರೆ ನಾಳೆ ಕಾಯಂ ಆಗುತ್ತದೆ. ನನಗೆ ಇರುವುದು ಒಬ್ಬಳೇ ಚಾಚಿ. ಹದಿನೈದು ದಿನ ಎಂದಿದ್ದೀರಿ, ಹದಿನಾರನೇ ದಿನ ಯಾರು ಬೇಡ ಎಂದರೂ ಬರುತ್ತೇನೆ.

ಅದಿರಲಿ, ಕೆಲಸದ ಮಾತು. ಕಂಟ್ರೋಲರಿನಲ್ಲಿ ಪಂಚ್ ಎಂಬ ಸೆಟ್ಟಿಂಗ್ ಇದೆ, ಶುರುವಿನ ಜಿಗಿತ ಅದು. ಒಂದಕ್ಕೆ ಇಳಿಸಿ. ರಿಮೋಟಿನ ಹಿಂದೆ ಸಣ್ಣ ತಿರುಪು ಇದೆ, ಅದರಿಂದ ಗರಿಷ್ಠ ವೇಗವನ್ನು ಕಾಲು ಭಾಗಕ್ಕೆ ಕಟ್ಟಿಹಾಕಿ. ಬಟ್ಟಲು ಹಿಂದಿನ ಗಾಲಿಗಳ ಮಧ್ಯೆ, ಆದಷ್ಟು ಕೆಳಗೆ ಕೂರಬೇಕು. ಕೆಳಗೆ ರಬ್ಬರ್ ಹಾಕಿ. ಮೂರು ತಂತಿ ಎ, ಬಿ, ಸಿ, ಗುರುತು ನೋಡಿ ಅದಕ್ಕೆ ಅದನ್ನೇ ಜೋಡಿಸಿ. ದಮ್ಮಯ್ಯ, ಕೈಗೆ ಬುದ್ಧಿ ಹೇಳಿ.

ನಿಮ್ಮದು ಹುಚ್ಚಲ್ಲ. ನನಗೆ ಇಂಥದ್ದು ಹೊಳೆಯುತ್ತಿರಲಿಲ್ಲ.

ಕ್ರಾಂತಿ


ಕೊಟ್ಟೂರು
26 ಆಗಸ್ಟ್ 2024

ಮಗಾ ಕ್ರಾಂತಿ,

ಹೇಗೆ ಹೇಳಲಿ, ಎಲ್ಲಿಂದ ಹೇಳಲಿ. ಮೊದಲಿನಿಂದಲೇ ಹೇಳುತ್ತೇನೆ.

ಮೊದಲ ದಿನ ಕಾರನ್ನು ಮಂಚದ ಪಕ್ಕ ಇಟ್ಟಾಗ ತಿರುಗಿ ನೋಡಲಿಲ್ಲ. ನಾನು ಬೇಕೆಂದೇ ರಿಮೋಟು ಹಿಡಿದು ಎರಡು ಸಲ ಗೋಡೆಗೆ ಗುದ್ದಿಸಿದೆ. ಮೂರನೇ ಸಲಕ್ಕೆ, "ಕೊಡ್ರಿ ಇಲ್ಲಿ, ಮಷೀನ್ ಹಂಗ ತುಳಿತಾರೇನು!" ಎಂದು ಕೈ ಚಾಚಿದಳು. ಮಲಗಿಕೊಂಡು ಎರಡು ದಿನ ಕೋಣೆಯೊಳಗೆ ಓಡಿಸಿದಳು. ಮೂರನೇ ದಿನ ದಿಂಬಿಗೆ ಒರಗಿ ಕೂತಳು. ಆಮೇಲೆ ದಿಂಬು ಬಿಟ್ಟಳು. ಐದು ದಿನ ಖಾಲಿ ಲೋಟ, ಆಮೇಲೆ ನೀರಿನ ಲೋಟ. ಅವಳ ಬೆರಳಿಗೆ ಆ ಮೋಟಾರು ಎಷ್ಟು ಮಾತು ಕೇಳುತ್ತದೆ ಗೊತ್ತೇ! ನನ್ನ ಕೈಯಲ್ಲಿ ಅಷ್ಟು ನಯವಾಗಿ ಓಡುವುದಿಲ್ಲ.

ನಿನ್ನೆ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತು, ಮುಂದೆ ಸ್ಟೂಲಿನ ಮೇಲೆ ಒಲೆ ಇಡಿಸಿಕೊಂಡು, ತಾನೇ ಹಾಲು ಶಾವಿಗೆಯ ಸುರಕುಂಬಾ ಮಾಡಿದಳು. ಮೈಲಮ್ಮನಿಗೆ ಸುರಕುಂಬಾ ಎಂದರೆ ಪ್ರಾಣ. ಕಂಚಿನ ಬಟ್ಟಲು ಕಂಠಮಟ್ಟ ತುಂಬಿದಳು. ನಾನು ಪಂಪಿನ ಹಳೇ ರಬ್ಬರ್ ವಾಷರ್ ಕತ್ತರಿಸಿ ತಗಡಿನ ತಟ್ಟೆಗೆ ಹಾಕಿದ್ದೆ, ಅದರಲ್ಲಿ ಬಟ್ಟಲು ಗಟ್ಟಿಯಾಗಿ ಕೂತಿತು. ಖುಷ್ನುಮಾ ಕಾರನ್ನು ಬಾಗಿಲ ಹೊರಗೆ ಇಟ್ಟಳು.

ಕಿಟಕಿಯ ಹತ್ತಿರ ಕೂತು ನಿನ್ನ ಚಾಚಿ ಟ್ರಿಗರ್ ಒತ್ತಿದಳು, ಕಾರು ಹೊರಟಿತು. ಒಂದು ಹನಿ ತುಳುಕಲಿಲ್ಲ. ಶಿವಲೀಲಾ ವ್ಯಾಪಾರ ಬಿಟ್ಟು ಬಂದು ನಿಂತಿದ್ದಳು. ಅರ್ಧ ಓಣಿ ದಾಟಿತು. ಅಲ್ಲಿ ಗಟಾರದ ಮೇಲಿನ ಎರಡು ಚಪ್ಪಡಿಗಳ ಸಂದಿನಲ್ಲಿ ಮುಂದಿನ ಗಾಲಿ ಸಿಕ್ಕಿಕೊಂಡಿತು. ನಾನು ಓಡಿದೆ. ಯಾರೋ ನನ್ನ ತೋಳು ಹಿಡಿದು ನಿಲ್ಲಿಸಿದರು, ಶಿವಲೀಲಾ. ಹಿಂದೆ ಬೆರಳು ತೋರಿಸಿದಳು. ತಿರುಗಿ ನೋಡುತ್ತೇನೆ, ನಿನ್ನ ಚಾಚಿ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ! "ಮುಟ್ಟಬ್ಯಾಡ್ರಿ ಅಂತ ಕೂಗಾಕ್ಹತ್ತೀನಿ, ಕೇಳ್ಸೋದಿಲ್ಲೇನು?" ಎಂದಳಂತೆ. ನನಗೆಲ್ಲಿ ಕೇಳುತ್ತದೆ. ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಖುಷ್ನುಮಾ ಹಿಂದೆ ಎರಡೂ ಕೈ ಚಾಚಿಕೊಂಡು ಬಂದಳು, ಮುಟ್ಟಲಿಲ್ಲ. ಆ ಕಡೆಯಿಂದ ಮೈಲಮ್ಮ ಗೋಡೆ ಹಿಡಿದು ಮೆಟ್ಟಿಲಿಳಿದಳು. ಇಬ್ಬರೂ ಕಾರಿನ ಹತ್ತಿರ ಬಂದು ನಿಂತರು. ಬಗ್ಗುವುದು ಇಬ್ಬರಿಗೂ ಆಗದು. ಕೊನೆಗೆ ಶಿವಲೀಲಾ ಬಟ್ಟಲು ಎತ್ತಿ ನಿನ್ನ ಚಾಚಿಯ ಕೈಗೆ ಕೊಟ್ಟಳು, ಚಾಚಿ ಮೈಲಮ್ಮನ ಕೈಗೆ ಕೊಟ್ಟಳು. ಮೈಲಮ್ಮ ಏನೋ ಅಂದಳು. ಏನೆಂದು ಖುಷ್ನುಮಾಳನ್ನು ಕೇಳಿದೆ. "ಬಟ್ಟಲ ಬಂತವಾ, ನೀ ಯಾವಾಗ ಬರ್ತಿ?" ಅಂದಳಂತೆ.

ಓಣಿಯಲ್ಲಿ ನಿಂತು ಅತ್ತೆ. ಅಳುವುದಕ್ಕೆ ನನಗೇನು ನಾಚಿಕೆ.

ಇನ್ನೊಂದು ಮಾತು. ಈ ಮೋಟಾರು ಸುಮ್ಮನೆ ಬಿದ್ದದ್ದಲ್ಲ. ಕಿವಿ ಹೋದ ಮೇಲೆ ನನಗೆ ಬೆರಳೇ ಕಿವಿ. ಶಾಫ್ಟ್ ಮುಟ್ಟಿದ ಕೂಡಲೇ ತಿಳಿಯಿತು, ಬೇರಿಂಗಿನಲ್ಲಿ ಮೈದಾನದ ಕೆಂಪು ಧೂಳಿತ್ತು, ಪಿನಿಯನ್ ತಿರುಪಿನ ಗುರುತು ಹೊಸದಾಗಿ ಹೊಳೆಯುತ್ತಿತ್ತು. ನಿನ್ನ ರೇಸಿನ ಕಾರಿನಿಂದ ಬಿಚ್ಚಿದ್ದೀಯ. ಎರಡನೇ ಕಂಟ್ರೋಲರೂ ಅದರದೇ. ನೀನೂ ಮುಚ್ಚಿಟ್ಟೆ, ನಾನೂ ಮುಚ್ಚಿಟ್ಟೆ. ಅದನ್ನು ನಿನ್ನ ಚಾಚಿಗೆ ಹೇಳಿದ್ದೇನೆ.

ಈಗ ಬಾ. ರೇಖಾಳನ್ನೂ ಕರೆದುಕೊಂಡು ಬಾ.

ಯೂಸುಫ್


ಕೊಟ್ಟೂರು
18 ಸೆಪ್ಟೆಂಬರ್ 2024

ಕ್ರಾಂತಿ ಮಗನ,

ನಾ ಹೇಳಾಕ್ಹತ್ತೀನಿ, ಖುಷ್ನುಮಾ ಬರಿಯಾಕ್ಹತ್ಯಾಳ. ಬಂದಾಗ ನೀ ಬರೀ ಅತ್ತಿ, ರೇಖಾ ಬರೀ ಬೈದ್ಲು. ಮಾತಾಡಾಕ ಆಗ್ಲೇ ಇಲ್ಲ. ಅದಕ್ಕ ಈ ಕಾಗದ.

ನಿಮ್ಮ ಡಬ್ಬಿ ಕಳಿಸೀನಿ. ಎರಡು ತಿಂಗಳು ತಡ ಆತು, ರೇಖಾಗ ಹೇಳು, ಮಾಫ್ ಮಾಡಂತ. ಡಬ್ಬಿನ ಕರಿಸಿದ್ದಪ್ಪನ ಕೈಗೆ ನಾನ ಕೊಟ್ಟೀನಿ. ಓಣಿ ಬಾಯಿತನ ವಾಕರ್ ಹಿಡ್ಕೊಂಡು ನಡಕೊಂತ ಹೋಗಿದ್ದೆ. ಅವ ಬಸ್ ನಿಲ್ಲಿಸಿ, ಕೆಳಗ ಇಳಿದು ಬಂದ. ಒಳಗಿದ್ದ ಮಂದಿ ಒಬ್ರೂ ಲಗೂ ಮಾಡು ಅನ್ನಲಿಲ್ಲ ನೋಡು.

ಡಬ್ಬ್ಯಾಗ ಶೇಂಗಾ ಉಂಡಿ ಅದಾವ. ಮ್ಯಾಲಿನ ಉಂಡಿ ತಿಂದು ಮುಚ್ಚಿಡಬ್ಯಾಡ, ಕೆಳಗ ಅರಿವಿಯಾಗ ಸುತ್ತಿ ನಿನ್ನ ಮೋಟಾರು, ಕಂಟ್ರೋಲರ್ ಇಟ್ಟೀನಿ. ನಿಮ್ಮ ಉಸ್ತಾದ್ರು ಬೇರಿಂಗ್ ತೊಳದು ಎಣ್ಣಿ ಹಾಕ್ಯಾರ. ಮೂರೂ ತಂತಿಗೆ ಎ, ಬಿ, ಸಿ ಅಂತ ದೊಡ್ಡದಾಗಿ ಬರೆದ ಚೀಟಿ ಕಟ್ಯಾರ, ನಿನಗ ಗೊತ್ತಿಲ್ಲ ಅನ್ನೋರಂಗ.

ನನಗ ಈಗ ಕಾರು ಬ್ಯಾಡ. ಕಾರಿನ ಮ್ಯಾಲಿದ್ದ ತಗಡಿನ ತಟ್ಟಿ ಬಿಚ್ಚಿ ವಾಕರ್‌ಗೆ ಕಟ್ಯಾರ. ಮೈಲಮ್ಮನ ಬಟ್ಟಲ ನಾನ ಒಯ್ತೀನಿ, ನಾನ ತರ್ತೀನಿ.

ಬರೋ ವಾರ ರೇಸ್ ಅಂತಲ್ಲ. ಜೋರಾಗಿ ಓಡಿಸಪ. ನಿಧಾನಕ್ಕ ಹೋಗೋದು ನನಗ ಬಿಡು.

ನಿನ್ನ ಚಾಚಿ
ಸುಲ್ತಾನಬಿ